ಪಿ.ಸಿ.ಒ.ಎಸ್.: ಹಾರ್ಮೋನು ವರದಿಯನ್ನು ಅರ್ಥಮಾಡಿಕೊಳ್ಳುವ ಬಗೆ

ಮಹಿಳಾ ಗ್ರಾಮ ಸಭೆ ಮುಗಿದ ಮೇಲೆ ತಾಯಿಯೊಬ್ಬರು ಮಗಳ ರಕ್ತಪರೀಕ್ಷೆಯ ವರದಿಯನ್ನು ನನ್ನ ಮುಂದಿಟ್ಟು, "ಗಂಡಸ್ರ ಹಾರ್ಮೋನು ಜಾಸ್ತಿ ಅಂತ ಬಂದದೆ ಮೇಡಂ, ಇವಳಿಗೆ ಮಕ್ಕಳಾಗಲ್ವಾ?" ಎಂದು ಕೇಳಿದರು. ನಾನು ಓದಿರುವುದು ಇಂಜಿನಿಯರಿಂಗ್. ಹೀಗಾಗಿ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಬಳಿಗೆ ಕಳುಹಿಸಿದೆ. ಆದರೆ ಈ ಪ್ರಶ್ನೆ ಒಂದೇ ಮನೆಯದಲ್ಲ. ಸಂತಾನೋತ್ಪತ್ತಿ ವಯೋಮಾನದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 8ರಿಂದ 13 ಮಂದಿಗೆ ಈ ಸಮಸ್ಯೆ ಇದೆಯೆಂದು ಅಂದಾಜಿಸಲಾಗಿದೆ. ಆದುದರಿಂದ ತಿಳಿದುಕೊಂಡ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ದೇಹದೊಳಗೆ ನಡೆಯುವುದೇನು?

ಓವರ್‌ಹೆಡ್ ಟ್ಯಾಂಕ್ ತುಂಬಿದ ಸೂಚನೆ ಬಾರದಿದ್ದರೆ ಪಂಪು ಓಡುತ್ತಲೇ ಇರುತ್ತದೆ. ಇಲ್ಲಿಯೂ ಹಾಗೆಯೇ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಲ್.ಎಚ್. ಮತ್ತು ಎಫ್.ಎಸ್.ಎಚ್. ಎಂಬ ಹಾರ್ಮೋನುಗಳ ಮೂಲಕ ಅಂಡಾಶಯವನ್ನು ನಡೆಸುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಉತ್ಪತ್ತಿಯಾಗುವ ಪ್ರೊಜೆಸ್ಟಿರಾನ್, ಎಲ್.ಎಚ್.ನ ವೇಗವನ್ನು ತಗ್ಗಿಸುವ ಸೂಚನೆಯಾಗಿದೆ. ಪಿ.ಸಿ.ಒ.ಎಸ್.ನಲ್ಲಿ ಅಂಡಾಣು ಕಾಲಕ್ಕೆ ಸರಿಯಾಗಿ ಬಿಡುಗಡೆಯಾಗುವುದಿಲ್ಲ, ಸೂಚನೆ ಮರಳುವುದಿಲ್ಲ. ಹೆಚ್ಚಿದ ಎಲ್.ಎಚ್. ಅಂಡಾಶಯದಲ್ಲಿ ಟೆಸ್ಟೋಸ್ಟಿರಾನನ್ನು ಹೆಚ್ಚಿಸುತ್ತದೆ. ಅನೇಕರಲ್ಲಿ ಇನ್ಸುಲಿನ್ ಸಹ ಅಧಿಕವಾಗಿದ್ದು, ಇದನ್ನು ಮತ್ತಷ್ಟು ಪ್ರಚೋದಿಸುತ್ತದೆ. ತೆಳ್ಳಗಿರುವವರಲ್ಲಿಯೂ ಹೀಗಾಗಬಹುದು. ಸ್ಕ್ಯಾನಿಂಗಿನಲ್ಲಿ ಕಾಣುವ "ನೀರುಗುಳ್ಳೆಗಳು" ಗಡ್ಡೆಗಳಲ್ಲ. ಬೆಳವಣಿಗೆ ಅರ್ಧಕ್ಕೆ ನಿಂತ, ಅಂಡಾಣುವುಳ್ಳ ಪುಟ್ಟ ಚೀಲಗಳು.

ಅಂಕಿಗಳ ಅರ್ಥ

ಟೆಸ್ಟೋಸ್ಟಿರಾನ್ ಎಲ್ಲ ಮಹಿಳೆಯರ ದೇಹದಲ್ಲಿಯೂ ಅಲ್ಪ ಪ್ರಮಾಣದಲ್ಲಿರುತ್ತದೆ. ಪಿ.ಸಿ.ಒ.ಎಸ್.ನಲ್ಲಿ ಅದು ಸ್ವಲ್ಪ ಏರುತ್ತದೆಯೇ ಹೊರತು ಸಾಮಾನ್ಯವಾಗಿ ಪುರುಷರ ಮಟ್ಟವನ್ನು ತಲುಪುವುದಿಲ್ಲ. ಮೊಡವೆ, ಮುಖದ ಮೇಲೆ ದಪ್ಪ ಕೂದಲು ಇದರ ಪರಿಣಾಮಗಳು. ಮಟ್ಟವು ವಿಪರೀತವಾಗಿದ್ದರೆ ವೈದ್ಯರು ಬೇರೆ ಕಾರಣವನ್ನು ಹುಡುಕುತ್ತಾರೆ.

ಒಂದೇ ಅಂಕಿಯಿಂದ ರೋಗ ನಿರ್ಣಯವಾಗುವುದಿಲ್ಲ. ಮುಟ್ಟಿನ ಏರುಪೇರು, ಟೆಸ್ಟೋಸ್ಟಿರಾನಿನಂತಹ ಹಾರ್ಮೋನಿನ ಆಧಿಕ್ಯ ಅಥವಾ ಅದರ ಲಕ್ಷಣಗಳು, ಸ್ಕ್ಯಾನಿಂಗಿನಲ್ಲಿ ಅಂಡಾಶಯದ ರೂಪ ಎಂಬ ಮೂರರಲ್ಲಿ ಎರಡಾದರೂ ಇರಬೇಕು. ವಯಸ್ಕರಲ್ಲಿ ಸ್ಕ್ಯಾನಿಂಗಿನ ಬದಲಿಗೆ ಎ.ಎಂ.ಎಚ್. ಪರೀಕ್ಷೆಯನ್ನು ಬಳಸಲು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಅವಕಾಶ ನೀಡಿದೆ. ಹದಿಹರೆಯದವರಲ್ಲಿ ಮಾತ್ರ ಮೊದಲ ಎರಡೂ ಇರಬೇಕು. ಸ್ಕ್ಯಾನಿಂಗನ್ನು ಆಧಾರವಾಗಿ ಪರಿಗಣಿಸುವುದಿಲ್ಲ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ದೋಷಗಳಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಗರ್ಭನಿರೋಧಕ ಮಾತ್ರೆ ಸೇವಿಸುತ್ತಿದ್ದಲ್ಲಿ ಟೆಸ್ಟೋಸ್ಟಿರಾನ್ ಅಂಕಿ ವ್ಯತ್ಯಾಸವಾಗುವುದರಿಂದ ವೈದ್ಯರಿಗೆ ತಿಳಿಸಬೇಕು.

ನಿರ್ಲಕ್ಷಿಸಬಾರದೇಕೆ?

ಪ್ರೊಜೆಸ್ಟಿರಾನ್ ಇಲ್ಲದೆ ಗರ್ಭಕೋಶದ ಒಳಪದರವು ಬೆಳೆಯುತ್ತಲೇ ಹೋಗಿ ಅತಿಯಾದ ರಕ್ತಸ್ರಾವವಾಗಬಹುದು. ವರ್ಷಗಳು ಕಳೆದಂತೆ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಮಧುಮೇಹದ ಸಂಭವವೂ ಅಧಿಕ. "ಮದುವೆಯಾದರೆ ಸರಿಹೋಗುತ್ತದೆ" ಎಂದು ಮುಚ್ಚಿಡುವುದರಿಂದ ಕಳೆದುಹೋಗುವುದು ಚಿಕಿತ್ಸೆಯ ಕಾಲ.

ಮೈನೆರೆದು ಮೂರು ವರ್ಷಗಳಾದ ಮೇಲೂ ಮುಟ್ಟಿನ ಅಂತರವು 21 ದಿನಗಳಿಗಿಂತ ಕಡಿಮೆ ಅಥವಾ 35 ದಿನಗಳಿಗಿಂತ ಹೆಚ್ಚಿದ್ದರೆ, ಇಲ್ಲವೇ ಮೊದಲ ವರ್ಷದ ನಂತರ ಒಮ್ಮೆಯಾದರೂ 90 ದಿನಗಳನ್ನು ಮೀರಿದರೆ ವೈದ್ಯರನ್ನು ಕಾಣಬೇಕು. ಮುಟ್ಟಿನ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟುಕೊಂಡು ಹೋಗುವುದು ಉಪಯುಕ್ತ. ರಕ್ತದೊತ್ತಡ ಮತ್ತು ಸಕ್ಕರೆ ಅಂಶದ ತಪಾಸಣೆಯನ್ನೂ ಮಾಡಿಸಿಕೊಳ್ಳಬೇಕು. ತೂಕ ಹೆಚ್ಚಿರುವವರಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿಕೆಯಾದರೂ ಋತುಚಕ್ರ ಸುಧಾರಿಸಬಹುದು. ಔಷಧವನ್ನು ವೈದ್ಯರ ಸಲಹೆಯಂತೆಯೇ ಸೇವಿಸತಕ್ಕದ್ದು.

ಆ ತಾಯಿಯ ಪ್ರಶ್ನೆಗೆ ಉತ್ತರವಿಷ್ಟು: ಪಿ.ಸಿ.ಒ.ಎಸ್. ಎಂದರೆ ಬಂಜೆತನವಲ್ಲ. ಗರ್ಭಧಾರಣೆಗೆ ಕೆಲವರಿಗೆ ಮಾತ್ರೆಗಳ ನೆರವು ಬೇಕಾಗಬಹುದು; ಬಹುತೇಕರು ತಾಯಂದಿರಾಗುತ್ತಾರೆ. ಆಶಾ ಕಾರ್ಯಕರ್ತೆಯರು ಮತ್ತು ಸ್ವಸಹಾಯ ಸಂಘಗಳ ಸದಸ್ಯರು ಈ ಮಾತನ್ನು ಮನೆಮನೆಗೆ ತಲುಪಿಸಬೇಕೆಂದು ಕೋರಲಾಗಿದೆ.