ಮದ್ದಿನ ಡ್ರಮ್ಮಿನಿಂದ ವಿಮಾನದ ತನಕ: ಕೆಲಸವನ್ನು ಬಿಡಿಸಿ ನೋಡುವ ವಿದ್ಯೆ

ಎಲ್ಲಾದರೂ ಅಪಘಾತವಾದ ಮರುದಿನ ಪೇಪರಿನಲ್ಲಿ ಒಂದು ಮಾತು ಇದ್ದೇ ಇರುತ್ತದೆ: ಚಾಲಕನ ಅಜಾಗರೂಕತೆಯೇ ಕಾರಣ, ಕಾರ್ಮಿಕನ ಕೈತಪ್ಪಿನಿಂದ ಅವಘಡ. ಓದಿದ ನಾವು "ಅವನದೇ ತಪ್ಪು" ಅಂತ ಹೇಳಿ ಪುಟ ಮಗುಚುತ್ತೇವೆ. ಆದರೆ ಮಗುಚುವ ಮೊದಲು ನೀವೊಂದು ಪ್ರಶ್ನೆ ಕೇಳಿ ನೋಡಿ. ಅವನನ್ನು ತೆಗೆದು ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ಯಂತ್ರದ ಮುಂದೆ ಬೇರೊಬ್ಬನನ್ನು ನಿಲ್ಲಿಸಿದರೆ ಅವನೂ ಅದನ್ನೇ ಮಾಡಬಹುದೇ? ಮಾಡಬಹುದು ಎಂದಾದರೆ ತಪ್ಪಿನ ಒಂದು ಪಾಲು ಆ ಕೆಲಸದೊಳಗೇ ಅಡಗಿ ಕೂತಿದೆ. ಅದನ್ನು ಹುಡುಕಿ ತೆಗೆಯುವ ಕ್ರಮಕ್ಕೆ ಕಾರ್ಯ ವಿಶ್ಲೇಷಣೆ ಎಂದು ಹೆಸರು. ಕೆಲಸವನ್ನು ಹಂತಹಂತವಾಗಿ ಬಿಡಿಸಿ ಬರೆಯುವುದು, ಪ್ರತಿ ಹಂತದಲ್ಲೂ "ಇಲ್ಲಿ ಏನು ತಪ್ಪಬಹುದು, ತಪ್ಪಿದರೆ ಗೊತ್ತಾಗುವುದು ಹೇಗೆ?" ಎಂದು ಕೇಳುವುದು. ಇಷ್ಟೇ. ಕೇಳಲು ಸುಲಭ, ಮಾಡಲು ತಾಳ್ಮೆ ಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳಲ್ಲಿ ಒಂದು ವಿಚಿತ್ರ ಅಪಘಾತ ಮತ್ತೆ ಮತ್ತೆ ಆಗುತ್ತಿತ್ತು. ಸುರಕ್ಷಿತವಾಗಿ ಇಳಿದ ಮೇಲೆ ಪೈಲಟ್ ರೆಕ್ಕೆಯ ಫ್ಲಾಪ್ ಮಡಚುವ ಬದಲು ಚಕ್ರವನ್ನೇ ಮಡಚಿಬಿಡುತ್ತಿದ್ದ. ವಿಮಾನ ಹೊಟ್ಟೆಯ ಮೇಲೆ ಕುಸಿದು ಬೀಳುತ್ತಿತ್ತು. ಆಲ್ಫಾನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ 1943ರಲ್ಲಿ ಕಾಕ್‌ಪಿಟ್ ನೋಡಿದಾಗ ಗುಟ್ಟು ಸಿಕ್ಕಿತು: ಎರಡು ಸ್ವಿಚ್ಚುಗಳೂ ಅಕ್ಕಪಕ್ಕ, ಎರಡಕ್ಕೂ ಒಂದೇ ಆಕಾರ. ಚಕ್ರದ ಹಿಡಿಗೆ ಚಕ್ರದ ಆಕಾರ, ಫ್ಲಾಪಿನ ಹಿಡಿಗೆ ಫ್ಲಾಪಿನ ಆಕಾರ ಕೊಟ್ಟರು. ಕಣ್ಣುಮುಚ್ಚಿ ಮುಟ್ಟಿದರೂ ತಿಳಿಯಬೇಕು, ನೋಡಿ! ಇಂದಿಗೂ ವಿಮಾನಗಳಲ್ಲಿ ಚಕ್ರದ ಲಿವರಿನ ತುದಿಯಲ್ಲಿ ಪುಟ್ಟ ಚಕ್ರ ಇರುತ್ತದೆ. ಇಂಥದ್ದೇ ಉಪಾಯ ನಿಮ್ಮೂರ ಗ್ಯಾಸ್ ವೆಲ್ಡಿಂಗ್ ಶಾಪಿನಲ್ಲೂ ಇದೆ. ಆಕ್ಸಿಜನ್ ಸಿಲಿಂಡರಿನ ಮರೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಅಸಿಟಿಲೀನಿನದ್ದು ಎಡಕ್ಕೆ. ಪೈಪು ಅದಲು ಬದಲು ಮಾಡಬೇಕೆಂದರೂ ಕೂರುವುದಿಲ್ಲ. ಗೋಡೆಯ ಮೇಲೆ "ಜಾಗ್ರತೆ" ಎಂದು ಹತ್ತು ಬೋರ್ಡು ತೂಗುಹಾಕುವುದಕ್ಕಿಂತ ಈ ಒಂದು ಎಡಮರೆ ಮೇಲು.

ತಪ್ಪುಗಳಲ್ಲೂ ಜಾತಿಗಳಿವೆ. ಮಾಡಬೇಕಾದ್ದು ಗೊತ್ತಿದ್ದೂ ಕೈ ಬೇರೆ ಕಡೆ ಹೋಗುವುದು ಕೈತಪ್ಪು. ನಡುವೆ ಫೋನ್ ಬಂದು ಒಂದು ಹಂತ ಬಿಟ್ಟೇಹೋಗುವುದು ಮರೆವು. ತಿಳಿವಳಿಕೆಯೇ ತಪ್ಪಾಗಿರುವುದು ಮೂರನೆಯದು. ಇದು ಅಪಾಯಕಾರಿ, ಯಾಕೆಂದರೆ ಮಾಡುವವನಿಗೆ ತಾನು ಸರಿಯಾಗಿಯೇ ಮಾಡುತ್ತಿದ್ದೇನೆ ಎಂಬ ಧೈರ್ಯವಿರುತ್ತದೆ. ಗೊತ್ತಿದ್ದೇ ನಿಯಮ ಮುರಿಯುವುದು ಬೇರೆಯೇ ಲೆಕ್ಕ. ಒಂದೊಂದಕ್ಕೂ ಮದ್ದು ಬೇರೆ. ಕೈತಪ್ಪಿಗೆ ಪಾಠ ಹೇಳಿ ಪ್ರಯೋಜನವಿಲ್ಲ, ಪಾಠ ಅವನಿಗೆ ಬಾಯಿಪಾಠ!

ಈಗ ನಮ್ಮ ಜಿಲ್ಲೆ ಮರೆಯಲಾಗದ ಒಂದು ಬೆಳಗ್ಗೆಗೆ ಬನ್ನಿ. 2010ರ ಮೇ 22. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಗ್ಗೆ ಆರರ ಸುಮಾರಿಗೆ ಮಂಗಳೂರಿನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಗುಡ್ಡದಿಂದ ಕೆಳಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಬದುಕಿದ್ದು ಎಂಟೇ ಜನ. ಸತ್ತವರಲ್ಲಿ ಅನೇಕರು ಕಾಸರಗೋಡಿನವರು. ನಿಮ್ಮ ನೆರೆಕರೆಯಲ್ಲೂ ಅಂಥ ಮನೆಯೊಂದು ಇರಬಹುದು.

ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ತನಿಖೆಯು ಕ್ಯಾಪ್ಟನ್ ಇಳಿಯುವ ಯತ್ನವನ್ನು ಕೈಬಿಡದೇ ಹೋದದ್ದನ್ನೇ ನೇರ ಕಾರಣ ಎಂದಿತು. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಆ ಹಂತಗಳನ್ನು ನಾವೂ ಬಿಡಿಸಿ ನೋಡೋಣ. ಮೊದಲನೆಯದು, ಎಚ್ಚರವಾಗಿರುವುದು: ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಹೋಗಿದ್ದರು. ಗಾಢ ನಿದ್ದೆಯಿಂದ ಎದ್ದ ಮೇಲೂ ಸ್ವಲ್ಪ ಹೊತ್ತು ಮೆದುಳು ಮಂಕಾಗಿರುತ್ತದೆ. ನಸುಕಿನ ಹೊತ್ತಿನಲ್ಲಿ ದೇಹದ ಗಡಿಯಾರವೇ ನಿಧಾನ. ಎರಡನೆಯದು, ಮೆಲ್ಲಮೆಲ್ಲನೆ ಕೆಳಗಿಳಿಯುವುದು: ಮಂಗಳೂರಿನ ರಾಡಾರ್ ಆಗ ಕೆಟ್ಟಿದ್ದರಿಂದ ಇಳಿಯಲು ಅನುಮತಿ ಸಿಕ್ಕಿದ್ದು ಎಂದಿಗಿಂತ ಹತ್ತಿರಕ್ಕೆ ಬಂದ ಮೇಲೆ. ವಿಮಾನ ಇರಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿತ್ತು. ಮೂರನೆಯದು, ಎತ್ತರ ಮತ್ತು ವೇಗ ಸರಿಯಿಲ್ಲದಿದ್ದರೆ ಇಳಿಯದೆ ಮೇಲೆದ್ದು ಒಂದು ಸುತ್ತು ಬರುವುದು. ಇಲ್ಲಿ ಸಹ ಪೈಲಟ್ ಮೂರು ಸಲ ಹಾಗೆ ಹೇಳಿದರು. ಎಚ್ಚರಿಕೆ ಯಂತ್ರವೂ ಕೂಗಿತು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 2450 ಮೀಟರ್ ಉದ್ದದ ರನ್‌ವೇಯಲ್ಲಿ ಹೆಚ್ಚುಕಡಿಮೆ 1600 ಮೀಟರ್ ಕಳೆದ ಮೇಲೆ ಚಕ್ರ ನೆಲಕ್ಕೆ ಸರಿಯಾಗಿ ತಾಗಿತು. ಕೊನೆಗೆ ಬ್ರೇಕ್ ಹಾಕಿದ ಮೇಲೆ ಮತ್ತೆ ಮೇಲೇರಲು ನೋಡಿದ್ದು ಇನ್ನೊಂದು ತಪ್ಪು.

ಸಹ ಪೈಲಟ್ ಯಾಕೆ ತಾನೇ ಹಿಡಿತ ತೆಗೆದುಕೊಳ್ಳಲಿಲ್ಲ? ಅಂಥ ಅಧಿಕಾರ ಅವರಿಗೆ ಇದೆಯೋ ಇಲ್ಲವೋ ಎಂಬುದು ಬೇರೆ ಬೇರೆ ಸೂಚನೆಗಳಲ್ಲಿ ಸ್ಪಷ್ಟವಿರಲಿಲ್ಲ ಎಂದು ವರದಿ ಹೇಳುತ್ತದೆ. ನನಗೆ ಇಡೀ ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯ ಎನಿಸುವುದು ಈ ಸಾಲು. ತಪ್ಪನ್ನು ಕಂಡವರಿದ್ದರು, ಹೇಳಿದವರಿದ್ದರು. ಹೇಳಿದ್ದಕ್ಕೆ ಬೆಲೆ ಕೊಡುವ ವ್ಯವಸ್ಥೆ ಗಟ್ಟಿ ಇರಲಿಲ್ಲ. ದೊಡ್ಡವರಿಗೆ ಎದುರು ಹೇಳುವುದು ಹೇಗೆ ಎಂಬ ಅಂಜಿಕೆ ನಮ್ಮ ಮನೆಯಲ್ಲೂ ಇದೆ, ಕ್ಲಾಸಿನಲ್ಲೂ ಇದೆ ಅಲ್ವಾ?

ಇಂಗ್ಲೆಂಡಿನ ಜೇಮ್ಸ್ ರೀಸನ್ ಇದನ್ನು ತೂತು ತೂತಾದ ಸ್ವಿಸ್ ಚೀಸಿನ ಹೋಳುಗಳಿಗೆ ಹೋಲಿಸಿದರು. ನಮಗೆ ನೀರುದೋಸೆ ಸಾಕು. ಒಂದು ದೋಸೆಯ ತೂತಿನಲ್ಲಿ ಬೆಳಕು ಹಾಯುತ್ತದೆ, ನಾಲ್ಕು ಪೇರಿಸಿದರೆ ಹಾಯುವುದಿಲ್ಲ. ಎಂದೋ ಒಂದು ದಿನ ನಾಲ್ಕರ ತೂತುಗಳೂ ಒಂದೇ ನೇರಕ್ಕೆ ಬಂದುಬಿಡುತ್ತವೆ. ಬಜ್ಪೆಯಲ್ಲಿ ಆದದ್ದು ಅದು.

ವಿಮಾನ ದೂರದ್ದಾಯಿತು ಎನ್ನುತ್ತೀರಾ? ಹಾಗಾದರೆ ಅಡಿಕೆ ತೋಟಕ್ಕೆ ಬನ್ನಿ. ಕೊಳೆರೋಗಕ್ಕೆ ಮದ್ದು ಬಿಡುವುದನ್ನು ನೀವೆಲ್ಲ ನೋಡಿದ್ದೀರಿ. ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು. ಎಲ್ಲಿ ತಪ್ಪಬಹುದು? ಕಬ್ಬಿಣದ ಡ್ರಮ್ ತೆಗೆದುಕೊಂಡರೆ ತುತ್ತು ಅದನ್ನೇ ತಿನ್ನುತ್ತದೆ. ಸುಣ್ಣ ಹಳತಾಗಿ ಗಾಳಿ ತಾಗಿದ್ದರೆ ತೂಕ ಸರಿಯಿದ್ದರೂ ಶಕ್ತಿ ಇರುವುದಿಲ್ಲ. ಎಷ್ಟು ಕೊಡಪಾನ ಹೊಯ್ದೆ ಎಂಬ ಲೆಕ್ಕ ಮಾತಿನ ನಡುವೆ ತಪ್ಪುತ್ತದೆ. ಹೊಯ್ಯುವ ಕ್ರಮ ತಿರುಗುಮುರುಗಾಗುತ್ತದೆ. ಡ್ರಮ್ಮಿಗೆ 50 ಲೀಟರಿನಲ್ಲಿ ಒಂದು ಗೆರೆ ಎಳೆದರೆ ಲೆಕ್ಕವೇ ಬೇಡ. ಎರಡು ಡ್ರಮ್ಮಿಗೆ ಎರಡು ಬಣ್ಣ ಇದ್ದರೆ ಕ್ರಮ ತಪ್ಪುವುದು ಕಷ್ಟ.

ಆದರೂ ತಪ್ಪಿತು ಎನ್ನಿ. ಅದಕ್ಕೇ ಹಿರಿಯರು ಒಂದು ಕತ್ತಿ ಅದ್ದಿ ನೋಡುತ್ತಾರೆ. ಸುಣ್ಣ ಸಾಲದೆ ತುತ್ತು ಉಳಿದಿದ್ದರೆ ಹೊಳೆಯುವ ಕಬ್ಬಿಣದ ಮೇಲೆ ಕೆಂಪು ಕಂದು ಬಣ್ಣ ಕೂರುತ್ತದೆ. ತಾಮ್ರಕ್ಕಿಂತ ಕಬ್ಬಿಣ ಹೆಚ್ಚು ಕ್ರಿಯಾಶೀಲ, ಹಾಗಾಗಿ ಅದು ದ್ರಾವಣದ ತಾಮ್ರವನ್ನು ಹೊರಗೆ ತಳ್ಳುತ್ತದೆ. ಇದು ನಿಮ್ಮ ರಸಾಯನ ಶಾಸ್ತ್ರದ ಪಾಠವೇ. ಬಣ್ಣ ಬಂದರೆ ಇನ್ನಷ್ಟು ಸುಣ್ಣದ ನೀರು. ಈ ಕತ್ತಿಯ ಚಂದ ಏನೆಂದರೆ ತಪ್ಪು ಯಾರದ್ದು ಎಂದು ಅದು ಕೇಳುವುದಿಲ್ಲ. ಸುಣ್ಣ ಹಳತೋ, ಸಾಲದೇ ಹೋಯಿತೋ, ತುತ್ತು ಉಳಿದದ್ದನ್ನು ಮದ್ದು ಮರಕ್ಕೆ ಹೋಗುವ ಮೊದಲೇ ಹಿಡಿದುಕೊಡುತ್ತದೆ. ಕಾರ್ಖಾನೆಗಳ ಎಂಜಿನಿಯರುಗಳು ಹುಡುಕುವುದೂ ಇಂಥ ಕತ್ತಿಯನ್ನೇ.

ಇನ್ನು ದೋಟಿ. ನೆಲದಲ್ಲಿ ನಿಂತೇ ಮದ್ದು ಬಿಡಲು, ಕೊನೆ ಕೊಯ್ಯಲು ಈಗ ಉದ್ದುದ್ದ ದೋಟಿ ಬಂದಿದೆ. ಹಂತ ಬರೆಯಿರಿ ಎಂದರೆ ಹೆಚ್ಚಿನವರು ಹೀಗೆ ಬರೆಯುತ್ತಾರೆ: ದೋಟಿ ಉದ್ದ ಮಾಡುವುದು, ಕೊನೆಗೆ ಹಿಡಿಯುವುದು, ಮದ್ದು ಬಿಡುವುದು, ಮುಂದಿನ ಮರ. ಆ "ಮುಂದಿನ ಮರ" ಎಂಬುದರೊಳಗೆ ಒಂದು ಹಂತ ಅಡಗಿದೆ, ಅದು ಯಾರ ಪಟ್ಟಿಯಲ್ಲೂ ಬರುವುದಿಲ್ಲ: ನೆಟ್ಟಗೆ ನಿಂತ ದೋಟಿಯನ್ನು ಹಿಡಿದುಕೊಂಡು ನಡೆಯುವುದು. ಕಣ್ಣು ಮುಂದಿನ ಕೊನೆಯ ಮೇಲೆ, ಕಾಲು ಕಪ್ಪು ದಾಟುವುದರಲ್ಲಿ, ದೋಟಿಯ ತುದಿ ಎಲ್ಲಿದೆ ಎಂದು ನೋಡುವವರಿಲ್ಲ. ಮೇಲೆ ಕರೆಂಟಿನ ಲೈನು. ತಂತಿಗೆ ದೋಟಿ ತಾಗಿ ಜೀವ ಹೋದ ಸುದ್ದಿ ನೀವು ಓದಿಯೇ ಇರುತ್ತೀರಿ. ಅಲ್ಯೂಮಿನಿಯಂ ಬೇಡ, ಫೈಬರ್ ಆದರೆ ಭಯವಿಲ್ಲ ಎನ್ನುವವರಿದ್ದಾರೆ. ಮೇಲೆ ಹೇಳಿದ ಮೂರನೇ ಜಾತಿಯ ತಪ್ಪು ಇದೇ. ಹಗುರವೆಂದು ಎಲ್ಲರೂ ಕೊಳ್ಳುವ ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟು ಹರಿಯುತ್ತದೆ. ಪೆನ್ಸಿಲಿನ ಕಡ್ಡಿಯಲ್ಲಿ ವಿದ್ಯುತ್ ಹರಿಯುವುದನ್ನು ನೀವೇ ಬಲ್ಬು ಉರಿಸಿ ನೋಡಿದ್ದೀರಲ್ಲ, ಅದೂ ಕಾರ್ಬನ್ನೇ.

ತಡೆಯುವ ದಾರಿಗಳಿಗೂ ಒಂದು ಕ್ರಮವಿದೆ. ಮೊದಲು ಅಪಾಯವನ್ನೇ ತೆಗೆಯಲಾಗುತ್ತದೆಯೇ ನೋಡಬೇಕು: ಲೈನಿನ ಹತ್ತಿರದ ಮರಗಳ ಸರದಿ ಬಂದ ದಿನ ಕೆ.ಎಸ್.ಇ.ಬಿ.ಗೆ ತಿಳಿಸಿ ಕರೆಂಟು ನಿಲ್ಲಿಸುವುದು, ಅಥವಾ ಆ ಸಾಲಿಗೆ ದೋಟಿಯನ್ನೇ ತಾರದಿರುವುದು. ಆಗದಿದ್ದರೆ, ಒಂದು ಮರ ಮುಗಿದ ಕೂಡಲೇ ದೋಟಿ ಇಳಿಸಿ ಗಿಡ್ಡ ಮಾಡಿಯೇ ಮುಂದೆ ಹೋಗುವುದು. ತುದಿಯನ್ನೇ ನೋಡುತ್ತಾ ಇರಲು ಇನ್ನೊಬ್ಬ ಬೇಕು; ಅವನು "ನಿಲ್ಲಿ" ಎಂದರೆ ಯಜಮಾನನಾದರೂ ನಿಲ್ಲಬೇಕು ಎಂದು ಮೊದಲೇ ಮಾತಾಗಿರಬೇಕು. "ಜಾಗ್ರತೆ ಮಾರಾಯ" ಎಂಬ ಬುದ್ಧಿವಾದ ಪಟ್ಟಿಯ ಕಟ್ಟಕಡೆಗೆ.

ಮಳೆಗಾಲದ ಮೊದಲು ಮದ್ದಿನ ಕೆಲಸ ಸುರುವಾಗುವಾಗ ಒಂದು ಪುಸ್ತಕ ಹಿಡಿದು ತೋಟದ ಬದಿಯಲ್ಲಿ ಕೂತುಕೊಳ್ಳಿ. ದೋಟಿಯಿಂದ ದೂರ! ಡ್ರಮ್ ತೊಳೆಯುವಲ್ಲಿಂದ ಕೈ ತೊಳೆಯುವ ತನಕ ನಡೆದದ್ದನ್ನೆಲ್ಲ ನಡೆದ ಹಾಗೆಯೇ ಬರೆಯಿರಿ, ನಡೆಯಬೇಕಾದ ಹಾಗೆ ಬೇಡ. ಸಂಜೆ ಮದ್ದು ಬಿಡುವವರಿಗೇ ಅದನ್ನು ಓದಿ ಹೇಳಿ. "ಇದೊಂದು ಬಿಟ್ಟುಹೋಯಿತಲ್ಲ" ಎಂದು ಅವರು ಹೇಳುವ ಜಾಗಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಪಟ್ಟಿಯನ್ನು ಕ್ಲಾಸಿಗೆ ತನ್ನಿ.