ತಿಂಗಳ ಬಟ್ಟೆ ಬಾಕ್ಸ್: ದುಡ್ಡು ಮೊದಲೋ, ಬಟ್ಟೆ ಮೊದಲೋ?

ರಾಮನಗರ: ಅಳತೆ, ಬಜೆಟ್ ಹೇಳಿ, ದುಡ್ಡು ಕಟ್ಟಿ, ಬಟ್ಟೆ ಆರಿಸಿ ಬಾಕ್ಸ್‌ನಲ್ಲಿ ಮನೆಗೇ ಕಳಿಸ್ತೀವಿ. ಸಬ್‌ಸ್ಕ್ರಿಪ್ಷನ್ ಬಾಕ್ಸ್ ಅಂದ್ರೆ ಇಷ್ಟೇ. ಮಗು ಸಣ್ಣದು, ಅಂಗಡಿಗೆ ಹೋಗಿ ನಾಲ್ಕು ಬಟ್ಟೆ ಹಾಕಿ ನೋಡೋಕೆ ಪುರುಸೊತ್ತಿಲ್ಲ ಅನ್ನೋ ತಾಯಂದಿರಿಗೆ ಇದು ಅನುಕೂಲ ಅನ್ನಿಸೋದು ಸಹಜ. ಆದರೆ ಸೇರೋ ಮೊದಲು ಒಂದು ಪ್ರಶ್ನೆ ಕೇಳ್ಕೊಂಡ್ರೆ ಅರ್ಧ ತಲೆನೋವು ತಪ್ಪುತ್ತೆ: ದುಡ್ಡು ಮೊದಲು ಹೋಗುತ್ತಾ, ಬಟ್ಟೆ ಮೊದಲು ಬರುತ್ತಾ?

ಬಾಕ್ಸ್ ಹುಟ್ಟಿದ್ದು ಹೇಗೆ?

ಈ ವ್ಯಾಪಾರಕ್ಕೆ ದೊಡ್ಡ ಹೆಸರು ತಂದಿದ್ದು ಅಮೆರಿಕದ ಸ್ಟಿಚ್ ಫಿಕ್ಸ್ ಕಂಪನಿ. ಕತ್ರಿನಾ ಲೇಕ್ ಅನ್ನೋರು 2011ರಲ್ಲಿ ಶುರು ಮಾಡಿದರು. ಗಿರಾಕಿ ಅಳತೆ, ಇಷ್ಟದ ಬಣ್ಣ, ಬಜೆಟ್ ಹೇಳಬೇಕು. ಕಂಪನಿಯವರು ಐದು ಬಟ್ಟೆ ಆರಿಸಿ ಕಳಿಸ್ತಾರೆ. ಮನೆಯಲ್ಲಿ ಹಾಕಿ ನೋಡಿ ಬೇಕಾದ್ದು ಇಟ್ಕೊಂಡು, ಉಳಿದದ್ದನ್ನು ಅವರೇ ಕೊಟ್ಟ ಕವರ್‌ನಲ್ಲಿ ವಾಪಸ್ ಕಳಿಸೋದು. ಆರಿಸಿಕೊಡೋಕೆ 20 ಡಾಲರ್ ಶುಲ್ಕ. ಏನಾದರೂ ಕೊಂಡರೆ ಅದು ಬಿಲ್‌ನಲ್ಲಿ ಕಳೆಯುತ್ತೆ, ಏನೂ ಕೊಳ್ಳದಿದ್ರೆ ಹೋಯ್ತು. ಐದೂ ಇಟ್ಕೊಂಡ್ರೆ ಶೇ 25 ರಿಯಾಯಿತಿ. ಮೂರು ಸಾಕು ಅಂದ್ಕೊಂಡವರು ಐದೂ ಇಟ್ಕೊಳ್ಳೋದು ಈ ರಿಯಾಯಿತಿಯ ಆಸೆಗೇ.

ಒಂದು ಕಾಲಕ್ಕೆ ಅದಕ್ಕೆ 40 ಲಕ್ಷಕ್ಕೂ ಹೆಚ್ಚು ಗಿರಾಕಿಗಳಿದ್ದರು. 2024ರ ಹೊತ್ತಿಗೆ ಸುಮಾರು 25 ಲಕ್ಷಕ್ಕೆ ಇಳಿಯಿತು. ಅಲ್ಲಿನ ಇನ್ನೊಂದು ಬಾಕ್ಸ್ ಕಂಪನಿ ಟ್ರಂಕ್ ಕ್ಲಬ್ 2022ರಲ್ಲಿ ಬಾಗಿಲು ಹಾಕಿತು. ಹಾಕಿ ನೋಡಿ ಆಮೇಲೆ ದುಡ್ಡು ಕೊಡಿ ಅನ್ನೋ ಸೇವೆಯನ್ನು ಅಮೆಜಾನ್ ಕೂಡ ಅಮೆರಿಕದಲ್ಲಿ 2025ರ ಜನವರಿಯಲ್ಲಿ ನಿಲ್ಲಿಸಿತು. ಹೋಗಿ ಬರೋ ಪಾರ್ಸಲ್ ಖರ್ಚು, ವಾಪಸ್ ಬಂದ ಬಟ್ಟೆ ಮತ್ತೆ ಮಡಚಿ ಮಾರೋ ಖರ್ಚು ಎಲ್ಲಾ ಸೇರಿದರೆ ಇದು ಕಂಪನಿಗೂ ಸುಲಭದ ವ್ಯಾಪಾರ ಅಲ್ಲ.

ನಮ್ಮ ದೇಶದಲ್ಲಿ ಮುಂಬೈನ ಸ್ಟೈಲ್‌ಕ್ರ್ಯಾಕರ್ ಇಂಥದ್ದೇ ಬಾಕ್ಸ್ ಮಾರಿತ್ತು. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೀಶೋ ಬೇರೆ ದಾರಿ ಹಿಡಿಯಿತು. ಮನೆಯಲ್ಲಿರೋ ಹೆಂಗಸರೇ ವಾಟ್ಸಾಪ್‌ನಲ್ಲಿ ಸೀರೆ, ಕುರ್ತಿ ಫೋಟೊ ಹಾಕಿ ನೆಂಟರು, ಅಕ್ಕಪಕ್ಕದವರಿಗೆ ಮಾರೋ ಹಾಗೆ ಮಾಡಿತು.

ನಮ್ಮೂರಿಗೆ ಇದು ಹೊಸದಾ?

ಹೆಸರು ಹೊಸದು, ಲೆಕ್ಕ ಹಳೇದು. ಬಟ್ಟೆ ಗಂಟು ಹೊತ್ಕೊಂಡು ಮನೆ ಮುಂದೆ ಬರೋ ಸೀರೆ ವ್ಯಾಪಾರಿ ಜಗಲಿ ಮೇಲೆ ಹತ್ತು ಸೀರೆ ಹರಡ್ತಾನೆ. ಮುಟ್ಟಿ ನೋಡಿ ಒಂದು ಇಟ್ಕೊಂಡ್ರೆ ದುಡ್ಡು ವಾರಕ್ಕಿಷ್ಟು, ತಿಂಗಳಿಗಿಷ್ಟು. ಇಲ್ಲಿ ಬಟ್ಟೆ ಮೊದಲು, ದುಡ್ಡು ಆಮೇಲೆ. ಕೆಎಸ್‌ಐಸಿ ಸರ್ಕಾರಿ ನೌಕರರಿಗೆ ಬಡ್ಡಿ ಇಲ್ಲದ ಕಂತಿನಲ್ಲಿ ಮೈಸೂರು ಸಿಲ್ಕ್ ಸೀರೆ ಕೊಟ್ಟಿದ್ದೂ ಇದೇ ಲೆಕ್ಕದಲ್ಲಿ.

ಸೀರೆ ಚೀಟಿ ಇದಕ್ಕೆ ಉಲ್ಟಾ. ತಿಂಗಳಿಗೆ 300 ರೂಪಾಯಿಯಂತೆ 10 ತಿಂಗಳು ಕಟ್ಟಿದರೆ ಗೌರಿ ಹಬ್ಬಕ್ಕೋ ದೀಪಾವಳಿಗೋ 3,000 ರೂಪಾಯಿ ಸೀರೆ. ಪಟಾಕಿ ಚೀಟಿ, ಹೊಸತೊಡಕಿನ ಮಾಂಸದ ಚೀಟಿಯೂ ಹೀಗೇ. ದುಡ್ಡು ಮೊದಲು ಹೋಗುತ್ತೆ, ವಸ್ತು ಕೊನೆಗೆ ಬರುತ್ತೆ. ಚೀಟಿ ನಡೆಸೋರು ಪರಿಚಯದವರು, ಮನೆ ಎಲ್ಲಿದೆ ಅಂತ ಗೊತ್ತು ಅನ್ನೋದೇ ಧೈರ್ಯ.

ಮೊಬೈಲ್‌ನ ಬಾಕ್ಸ್‌ನಲ್ಲಿ ಎರಡೂ ಥರ ಇದೆ. ಹಾಕಿ ನೋಡಿ ಇಟ್ಕೊಂಡದ್ದಕ್ಕೆ ಮಾತ್ರ ದುಡ್ಡು ಕೊಡೋದು ಗಂಟಿನ ವ್ಯಾಪಾರಿ ಥರದ್ದು. ಮೊದಲೇ ಪೂರ್ತಿ ದುಡ್ಡು ತಗೊಂಡು ಅವರಿಷ್ಟದ ಬಟ್ಟೆ ಕಳಿಸೋದು ಚೀಟಿ ಥರದ್ದು. ಆದರೆ ಇಲ್ಲಿ ಮನೆ ಎಲ್ಲಿದೆ ಅಂತ ಗೊತ್ತಿರಲ್ಲ. ರಾಮನಗರದ ಮಾರ್ಕೆಟ್‌ನಲ್ಲಿ ರೀಲರ್‌ಗಳು ಗೂಡು ಕೈಯಲ್ಲಿ ಹಿಡಿದು ನೋಡದೆ ಬಿಡ್ ಹಾಕಲ್ಲ. ಬಟ್ಟೆಗೂ ಅದೇ ಬುದ್ಧಿ ಇರಲಿ.

ಮನೆಯಲ್ಲಿರೋ ತಾಯಿಗೆ ಎಷ್ಟು ಉಪಯೋಗ?

ಎರಡು ವರ್ಷದ ಮಗು ಇರೋ ಒಬ್ಬ ತಾಯಿ ಅಂದ್ಕೊಳ್ಳಿ. ಹೆರಿಗೆ ಆದ ಮೇಲೆ ಹಳೇ ಅಳತೆ ಕೂಡಲ್ಲ. ಮಗು ಎತ್ಕೊಂಡು ಅಂಗಡಿಯ ಟ್ರಯಲ್ ರೂಮಿಗೆ ಹೋಗೋದು ಕಷ್ಟ. ಮಗು ಮಲಗಿದಾಗ ಮನೆ ಕನ್ನಡಿ ಮುಂದೆ ಹಾಕಿ ನೋಡೋಕಾದ್ರೆ ಅದು ನಿಜವಾದ ಅನುಕೂಲ.

ಆದರೆ ಆಕೆಗೆ ದಿನಾ ಬೇಕಾಗೋದು ಎರಡು ಕಾಟನ್ ನೈಟಿ, ಹಾಲು ಕುಡಿಸೋಕೆ ಅನುಕೂಲ ಆಗೋ ಕುರ್ತಿ, ಸ್ಕೂಲ್ ಮೀಟಿಂಗಿಗೆ, ನೆಂಟರ ಮನೆಗೆ ಒಂದೆರಡು ಒಳ್ಳೇ ಬಟ್ಟೆ. ಇದು ತಿಂಗಳು ತಿಂಗಳು ಬೇಕಾಗಲ್ಲ. ಬಾಕ್ಸ್ ಮಾತ್ರ ತಿಂಗಳು ತಿಂಗಳು ಬರುತ್ತೆ.

ತಿಂಗಳಿಗೆ 1,000 ರೂಪಾಯಿ ಪ್ಲ್ಯಾನ್ ಅಂತ ಹಿಡಿದರೆ ವರ್ಷಕ್ಕೆ 12,000. ಗೃಹಲಕ್ಷ್ಮಿ ದುಡ್ಡು ತಿಂಗಳಿಗೆ 2,000ದಂತೆ ವರ್ಷಕ್ಕೆ 24,000. ಅಂದ್ರೆ ಅದರಲ್ಲಿ ಸರಿ ಅರ್ಧ ಬಟ್ಟೆಗೇ ಹೋಯ್ತು. ಮಕ್ಕಳ ಫೀಸು, ಗ್ಯಾಸು, ಸಂಘದ ಕಂತು ಇದೇ ದುಡ್ಡಲ್ಲಿ ಆಗಬೇಕಾದ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಇನ್ನೊಂದು ತೊಡಕು ವಾಪಸ್ ಕಳಿಸೋದು. ಪಾರ್ಸಲ್ ತಂದುಕೊಡೋ ಎಲ್ಲಾ ಕಡೆಯಿಂದ ವಾಪಸ್ ತಗೊಂಡೂ ಹೋಗ್ತಾರೆ ಅಂತಿಲ್ಲ. ಹಳ್ಳಿಗೆ ಪಿಕಪ್ ಇಲ್ಲದಿದ್ರೆ ಟೌನಿಗೆ ಬಂದು ಕೊರಿಯರ್ ಮಾಡಬೇಕು. ಬಸ್ ಫ್ರೀ ಇರಬಹುದು, ಮಗು ಎತ್ಕೊಂಡು ಕಳೆಯೋ ಅರ್ಧ ದಿನ ಫ್ರೀ ಅಲ್ಲ. ಬೇಸರಕ್ಕೆ ಇಟ್ಕೊಂಡ ಬಟ್ಟೆ ಬೀರುವಿನಲ್ಲೇ ಉಳಿಯುತ್ತೆ.

ದುಡ್ಡು ತಾನಾಗೇ ಕಟ್ ಆಗೋದು ಹೇಗೆ?

ಸಬ್‌ಸ್ಕ್ರಿಪ್ಷನ್‌ಗೆ ಸೇರುವಾಗ ಆಟೋಪೇಗೆ ಒಪ್ಪಿಗೆ ಕೇಳ್ತಾರೆ. ಒಮ್ಮೆ ಪಿನ್ ಅಥವಾ ಒಟಿಪಿ ಹಾಕಿದರೆ ಮುಂದಿನ ತಿಂಗಳುಗಳಲ್ಲಿ ಕೇಳದೆಯೇ ದುಡ್ಡು ಹೋಗುತ್ತೆ. ಆರ್‌ಬಿಐ ನಿಯಮದಂತೆ ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಇಂಥ ಕಂತಿಗೆ ಪ್ರತಿ ಸಲ ಒಟಿಪಿ ಬೇಕಿಲ್ಲ. ಆದರೆ ಕಟ್ ಆಗೋ ಕನಿಷ್ಠ 24 ಗಂಟೆ ಮೊದಲು ಮೆಸೇಜ್ ಬರಲೇಬೇಕು. ಆ ಮೆಸೇಜ್ ಓದದೆ ಬಿಡಬೇಡಿ.

ಬೇಡ ಅನ್ನಿಸಿದರೆ ಕಂಪನಿಯ ಆ್ಯಪ್ ಡಿಲೀಟ್ ಮಾಡಿದರೆ ಸಾಲದು. ಫೋನ್‌ಪೇ, ಗೂಗಲ್ ಪೇಯಂಥ ಆ್ಯಪ್‌ನಲ್ಲಿ ಆಟೋಪೇ ಅನ್ನೋ ಕಡೆ ಹೋಗಿ ಆ ಕಂಪನಿ ಹೆಸರಿನ ಮುಂದೆ ಕ್ಯಾನ್ಸಲ್ ಒತ್ತಬೇಕು. ಸೇರೋದು ಸುಲಭ, ಬಿಡೋದು ಕಷ್ಟ ಅನ್ನೋ ಹಾಗೆ ಮಾಡೋದನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ.

ಬಟ್ಟೆ ಸರಿ ಇಲ್ಲದಿದ್ರೆ?

ಆನ್‌ಲೈನ್ ವ್ಯಾಪಾರಕ್ಕೆ 2020ರ ಇ-ಕಾಮರ್ಸ್ ನಿಯಮ ಇದೆ. ಹರಿದದ್ದು, ನಕಲಿ, ಹೇಳಿದ್ದೊಂದು ಕಳಿಸಿದ್ದೊಂದು, ಹೇಳಿದ ದಿನಕ್ಕೆ ಬಾರದ್ದು ಇವನ್ನು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಆದರೆ ಬಣ್ಣ ಹಿಡಿಸಲಿಲ್ಲ, ಅಳತೆ ಕೂಡಲಿಲ್ಲ ಅನ್ನೋದು ಈ ಪಟ್ಟಿಯಲ್ಲಿಲ್ಲ. ಅದು ಕಂಪನಿ ಷರತ್ತಿಗೆ ಬಿಟ್ಟದ್ದು. ಬಾಕ್ಸ್‌ನಲ್ಲಿ ಜಗಳ ಬರೋದೇ ಅಳತೆಗೆ, ಅದಕ್ಕೇ ಷರತ್ತು ಮೊದಲೇ ಓದಬೇಕು.

ಕಂಪನಿಗೆ ದೂರು ಕೊಟ್ಟರೆ 48 ಗಂಟೆಯಲ್ಲಿ ದೂರು ಬಂತು ಅಂತ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಗ್ರಾಹಕರ ಆಯೋಗಕ್ಕೆ ಹೋಗೋಕೂ ಮುಂಬೈ, ದಿಲ್ಲಿ ಸುತ್ತಬೇಕಿಲ್ಲ. 2019ರ ಕಾಯ್ದೆ ಪ್ರಕಾರ ಗ್ರಾಹಕರು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ. ಕಂಪನಿಯೇ ನಕಲಿ, ದುಡ್ಡು ಹೋಯ್ತು ಅಂತಾದ್ರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಹೇಳಿ.

ಅಂಗಡಿಯವರಿಗೆ ಇದರಲ್ಲಿ ಏನಿದೆ?

ಬಾಕ್ಸ್ ಕಂಪನಿ ಕಂಪ್ಯೂಟರ್‌ನಲ್ಲಿ ಇಟ್ಕೊಳ್ಳೋ ಲೆಕ್ಕ ಊರಿನ ಬಟ್ಟೆ ಅಂಗಡಿಯವರ ತಲೆಯಲ್ಲೇ ಇರುತ್ತೆ. ಯಾರ ಮನೆಗೆ ಯಾವ ಬಣ್ಣ ಹಿಡಿಸುತ್ತೆ, ಬಜೆಟ್ ಎಷ್ಟು, ಮದುವೆ ಯಾವಾಗ ಎಲ್ಲಾ ಗೊತ್ತು. ಮನೆಗೆ ತಗೊಂಡೋಗಿ ತೋರಿಸಿ, ಬೇಡದ್ದು ನಾಳೆ ತನ್ನಿ ಅನ್ನೋದು ಇಲ್ಲಿ ಮೊದಲಿಂದಲೂ ಇರೋ ಪದ್ಧತಿ. ಗೊತ್ತಿರೋ ಗಿರಾಕಿಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ, ಆರಿಸಿದ ಐದು ಬಟ್ಟೆ ಮನೆಗೆ ಕೊಟ್ಟು, ಎರಡು ದಿನ ಬಿಟ್ಟು ಉಳಿದದ್ದು ವಾಪಸ್ ತಂದರೆ ಅದೇ ಬಾಕ್ಸ್ ಆಯ್ತು. ಬ್ಲೌಸ್ ಪಕ್ಕದ ಟೈಲರ್ ಹತ್ರ ಸರಿ ಮಾಡಿಸಿಕೊಡೋದು ಯಾವ ಆ್ಯಪ್‌ಗೂ ಆಗಲ್ಲ.

ಆದರೆ ಎರಡು ವಿಷಯ ನೆನಪಿರಲಿ. ಕೆಟ್ಟ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲ ಅಂದ್ರೆ 30 ದಿನದೊಳಗೆ ವಾಪಸ್ ತಗೊಳ್ಳಲ್ಲ ಅನ್ನೋದು ಅದೇ 2019ರ ಕಾಯ್ದೆಯಲ್ಲಿ ತಪ್ಪು, ಬಿಲ್ ಕೊಡದಿರೋದೂ ತಪ್ಪು. ‘ಮಾರಿದ ಮಾಲು ವಾಪಸ್ ಇಲ್ಲ’ ಅನ್ನೋ ಬೋರ್ಡ್ ಇಲ್ಲಿ ನಡೆಯಲ್ಲ. ಇನ್ನೊಂದು, ತಿಂಗಳ ಕಂತು ಕಟ್ಟಿಸಿ ಲಕ್ಕಿ ಡ್ರಾದಲ್ಲಿ ಹೆಸರು ಬಂದವರಿಗೆ ಸೀರೆ ಕೊಡೋ ಸ್ಕೀಮ್ ಮಾಡಿದರೆ 1978ರ ಕಾಯ್ದೆಯಡಿ ಕೇಸ್ ಆಗಬಹುದು.

ಸೇರೋ ಮೊದಲು ಇಷ್ಟು ನೋಡಿ

• ದುಡ್ಡು ಯಾವಾಗ ಕಟ್ ಆಗುತ್ತೆ? ಬಟ್ಟೆ ನೋಡಿದ ಮೇಲೋ, ಮೊದಲೋ?

• ಎಲ್ಲಾ ಬಟ್ಟೆ ವಾಪಸ್ ಮಾಡಿದರೆ ಪೂರ್ತಿ ದುಡ್ಡು ಬ್ಯಾಂಕ್ ಖಾತೆಗೇ ಬರುತ್ತಾ, ಅವರ ಆ್ಯಪ್‌ನ ವ್ಯಾಲೆಟ್‌ಗಾ?

• ನಿಮ್ಮ ಪಿನ್‌ಕೋಡ್‌ಗೆ ವಾಪಸ್ ಪಿಕಪ್ ಇದೆಯಾ?

• ಒಂದು ತಿಂಗಳು ಬೇಡ ಅಂದ್ರೆ ನಿಲ್ಲಿಸೋಕೆ ಆಗುತ್ತಾ?

• ಕಂಪನಿಯ ವಿಳಾಸ, ಫೋನ್ ನಂಬರ್, ದೂರು ನೋಡೋ ಅಧಿಕಾರಿಯ ಹೆಸರು ಹಾಕಿದ್ದಾರಾ?

• ಪಾರ್ಸಲ್ ಬಿಚ್ಚುವಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡ್ಕೊಳ್ಳಿ. ಇಟ್ಕೊಳ್ಳೋದು ಖಾತ್ರಿ ಆಗೋವರೆಗೆ ಬಟ್ಟೆಯ ಟ್ಯಾಗ್ ಕೀಳಬೇಡಿ.

ಮೊದಲನೇ ಪ್ರಶ್ನೆಗೆ ನೇರ ಉತ್ತರ ಸಿಗದ ಕಂಪನಿಗೆ ಆಟೋಪೇ ಒಪ್ಪಿಗೆ ಕೊಡದಿರೋದೇ ಒಳ್ಳೇದು.