ಅನಿಲಚಾಲಿತ ರೈಫಲ್‌ಗಳಲ್ಲಿ ಪಿಸ್ಟನ್ ಮತ್ತು ನೇರ ಅನಿಲಾಘಾತ ವ್ಯವಸ್ಥೆಗಳು

ಪಿಸ್ಟನ್ ವ್ಯವಸ್ಥೆ ಹಾಗೂ ಡೈರೆಕ್ಟ್ ಇಂಪಿಂಜ್‌ಮೆಂಟ್ ಎಂದು ಕರೆಯಲಾಗುವ ನೇರ ಅನಿಲಾಘಾತ ವ್ಯವಸ್ಥೆಗಳು ಅರೆಸ್ವಯಂಚಾಲಿತ ರೈಫಲ್‌ಗಳಲ್ಲಿ ಬಳಕೆಯಲ್ಲಿರುವ ಎರಡು ಪ್ರಮುಖ ಕಾರ್ಯವಿಧಾನಗಳು. ಗುಂಡು ಹಾರಿದಾಗ ನಳಿಗೆಯಲ್ಲಿ ಉಂಟಾಗುವ ಬಿಸಿ ಅನಿಲದ ಅಲ್ಪಭಾಗವನ್ನು ಬಳಸಿಕೊಂಡು ಖಾಲಿ ತೋಟೆಯನ್ನು ಹೊರಹಾಕಿ ಹೊಸ ತೋಟೆಯನ್ನು ತುಂಬುವುದೇ ಎರಡರ ಉದ್ದೇಶವೂ ಆಗಿದೆ. ಪಿಸ್ಟನ್ ವ್ಯವಸ್ಥೆಯಲ್ಲಿ ಅನಿಲವು ನಳಿಗೆಯ ಬಳಿಯಲ್ಲೇ ಒಂದು ಪಿಸ್ಟನ್ನನ್ನು ತಳ್ಳಿ ಅಲ್ಲಿಯೇ ಹೊರಬೀಳುತ್ತದೆ. ನೇರ ಅನಿಲಾಘಾತದಲ್ಲಿ ಅನಿಲವೇ ಕೊಳವೆಯ ಮೂಲಕ ಹಿಂದಕ್ಕೆ ಹರಿದು ಬೋಲ್ಟನ್ನು ಹೊತ್ತ ಭಾಗವನ್ನು ಚಲಿಸುತ್ತದೆ. ರೈಫಲ್‌ನ ತೂಕ, ನಿಖರತೆ, ಶುಚಿತ್ವ ಹಾಗೂ ನಂಬಿಕೆಗೆ ಸಂಬಂಧಿಸಿದ ಹಲವು ವ್ಯತ್ಯಾಸಗಳು ಈ ಒಂದು ಭೇದದಿಂದಲೇ ಹುಟ್ಟುತ್ತವೆ.

## ಮೂಲತತ್ತ್ವ

ಅರೆಸ್ವಯಂಚಾಲಿತ ರೈಫಲ್‌ನಲ್ಲಿ ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡು ಹಾರುತ್ತದೆ. ಆದರೆ ಮುಂದಿನ ಗುಂಡನ್ನು ಸಿದ್ಧಪಡಿಸುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ತೋಟೆಯೊಳಗಿನ ಮದ್ದು ಉರಿದಾಗ ಅಧಿಕ ಒತ್ತಡದ ಅನಿಲ ಉಂಟಾಗಿ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ನಳಿಗೆಯ ಬದಿಯಲ್ಲಿ ಕೊರೆದ ಸಣ್ಣ ರಂಧ್ರವೊಂದನ್ನು ಗುಂಡು ದಾಟಿದ ಕೂಡಲೇ ಅನಿಲದ ಒಂದಂಶ ಆ ರಂಧ್ರದಿಂದ ಹೊರಬರುತ್ತದೆ.

ತೋಟೆಯ ಹಿಂಬದಿಯನ್ನು ಮುಚ್ಚಿ ಹಿಡಿಯುವ ಭಾಗಕ್ಕೆ ಬೋಲ್ಟ್ ಎಂದೂ, ಅದನ್ನು ಹೊತ್ತು ಹಿಂದೆಮುಂದೆ ಚಲಿಸುವ ಭಾಗಕ್ಕೆ ಬೋಲ್ಟ್ ಕ್ಯಾರಿಯರ್ ಎಂದೂ ಹೆಸರು. ಕ್ಯಾರಿಯರ್ ಹಿಂದಕ್ಕೆ ಸರಿಯುವಾಗ ಬೋಲ್ಟಿನ ಬೀಗ ಬಿಚ್ಚುತ್ತದೆ, ಖಾಲಿ ತೋಟೆ ಹೊರಕ್ಕೆ ಹಾರುತ್ತದೆ, ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಸ್ಪ್ರಿಂಗ್ ಮತ್ತೆ ಹಿಗ್ಗಿ ಕ್ಯಾರಿಯರನ್ನು ಮುಂದಕ್ಕೆ ತಳ್ಳಿದಾಗ ಮ್ಯಾಗಜಿನ್‌ನಿಂದ ಹೊಸ ತೋಟೆ ಚೇಂಬರ್ ಸೇರುತ್ತದೆ. ರಂಧ್ರದಿಂದ ಹೊರಬಂದ ಅನಿಲದ ಬಲವನ್ನು ಕ್ಯಾರಿಯರ್‌ಗೆ ತಲುಪಿಸುವ ಬಗೆಯಲ್ಲಿ ಮಾತ್ರ ಎರಡು ವ್ಯವಸ್ಥೆಗಳು ಬೇರೆಯಾಗುತ್ತವೆ.

## ಪಿಸ್ಟನ್ ವ್ಯವಸ್ಥೆ

ಈ ವ್ಯವಸ್ಥೆಯಲ್ಲಿ ನಳಿಗೆಗೆ ಸಮಾಂತರವಾಗಿ ಒಂದು ಸಿಲಿಂಡರ್ ಇರುತ್ತದೆ. ಅನಿಲವು ಅದರೊಳಗೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಸೈಕಲ್ ಪಂಪಿನಲ್ಲಿ ಕೈಯ ಬಲದಿಂದ ಗಾಳಿ ಒತ್ತಲ್ಪಡುತ್ತದೆ. ಇಲ್ಲಿ ಅದಕ್ಕೆ ವಿರುದ್ಧವಾಗಿ ಅನಿಲದ ಬಲದಿಂದ ದಂಡ ಚಲಿಸುತ್ತದೆ. ಇದರಲ್ಲಿ ಎರಡು ಬಗೆಗಳಿವೆ.

ದೀರ್ಘಚಲನೆಯ ಪಿಸ್ಟನ್: ಇಲ್ಲಿ ಪಿಸ್ಟನ್ ಕ್ಯಾರಿಯರ್‌ಗೆ ಜೋಡಿಸಲ್ಪಟ್ಟಿದ್ದು, ಅದರೊಂದಿಗೆ ಪೂರ್ಣ ದೂರ ಚಲಿಸುತ್ತದೆ. ಮಿಖಾಯಿಲ್ ಕಲಾಶ್ನಿಕೋವ್ ವಿನ್ಯಾಸಗೊಳಿಸಿದ ಎಕೆ-47 ಇದಕ್ಕೆ ಅತ್ಯಂತ ಪ್ರಸಿದ್ಧ ಉದಾಹರಣೆ. 1936ರಲ್ಲಿ ಅಮೆರಿಕದ ಸೇನೆ ಅಂಗೀಕರಿಸಿದ ಎಂ1 ಗರಾಂಡ್ ರೈಫಲ್ ಸಹ ಇದೇ ಬಗೆಯದು. ಚಲಿಸುವ ಭಾಗಗಳು ಭಾರವಾಗಿರುವುದರಿಂದ ಮಸಿ ಅಥವಾ ಧೂಳು ಅಡ್ಡಬಂದರೂ ಅವು ನಿಲ್ಲದೆ ಮುಂದುವರಿಯುತ್ತವೆ. ಅದೇ ಭಾರದಿಂದ ಪ್ರತಿ ಗುಂಡಿಗೂ ರೈಫಲ್ ಹೆಚ್ಚು ಅಲುಗುತ್ತದೆ.

ಹ್ರಸ್ವಚಲನೆಯ ಪಿಸ್ಟನ್: ಇಲ್ಲಿ ಪಿಸ್ಟನ್ ಸ್ವಲ್ಪ ದೂರ ಮಾತ್ರ ಚಲಿಸಿ ಕ್ಯಾರಿಯರನ್ನು ನೂಕಿ ನಿಲ್ಲುತ್ತದೆ. ಮುಂದಿನ ಚಲನೆಯನ್ನು ಕ್ಯಾರಿಯರ್ ತನಗೆ ದೊರೆತ ವೇಗದಿಂದಲೇ ಪೂರೈಸುತ್ತದೆ. ಸೋವಿಯತ್ ಒಕ್ಕೂಟದ ಎಸ್‌ವಿಟಿ-40, ಬೆಲ್ಜಿಯಂನ ಎಫ್‌ಎನ್ ಎಫ್‌ಎಎಲ್, ಅಮೆರಿಕದ ಎಆರ್-18 ಹಾಗೂ ಜರ್ಮನಿಯ ಎಚ್‌ಕೆ416 ಈ ವರ್ಗಕ್ಕೆ ಸೇರುತ್ತವೆ.

## ನೇರ ಅನಿಲಾಘಾತ ವ್ಯವಸ್ಥೆ

ಈ ವಿಧಾನದಲ್ಲಿ ಪ್ರತ್ಯೇಕ ಪಿಸ್ಟನ್ ದಂಡವಿಲ್ಲ. ಸಣ್ಣ ಉಕ್ಕಿನ ಕೊಳವೆಯೊಂದು ಅನಿಲವನ್ನು ನಳಿಗೆಯಿಂದ ಹಿಂದಕ್ಕೆ ಒಯ್ಯುತ್ತದೆ. 20ನೆಯ ಶತಮಾನದ ಆರಂಭದಲ್ಲೇ ಫ್ರಾನ್ಸಿನಲ್ಲಿ ಈ ದಿಕ್ಕಿನ ಪ್ರಯೋಗಗಳು ನಡೆದಿದ್ದವು. ಸ್ವೀಡನ್ 1942ರಲ್ಲಿ ಅಂಗೀಕರಿಸಿದ ಎಜಿ ಎಂ/42 ಮತ್ತು ಫ್ರಾನ್ಸಿನ ಎಂಎಎಸ್-49 ರೈಫಲ್‌ಗಳಲ್ಲಿ ಕೊಳವೆಯ ಅನಿಲ ಕ್ಯಾರಿಯರ್‌ನ ಮುಖಕ್ಕೆ ನೇರವಾಗಿ ಬಡಿದು ಅದನ್ನು ಹಿಂದಕ್ಕೆ ಎಸೆಯುತ್ತದೆ. ಈ ಹೆಸರು ಅಕ್ಷರಶಃ ಒಪ್ಪುವುದು ಇಂತಹ ರೈಫಲ್‌ಗಳಿಗೆ.

### ಸ್ಟೋನರ್ ವಿನ್ಯಾಸ

ಯೂಜೀನ್ ಸ್ಟೋನರ್ ಅವರು 1950ರ ದಶಕದಲ್ಲಿ ಆರ್ಮಲೈಟ್ ಸಂಸ್ಥೆಗಾಗಿ ರೂಪಿಸಿದ ಎಆರ್-10, ಅದರಿಂದ ಬೆಳೆದ ಎಆರ್-15 ಮತ್ತು ಎಂ16 ರೈಫಲ್‌ಗಳನ್ನು ಸಾಮಾನ್ಯವಾಗಿ ನೇರ ಅನಿಲಾಘಾತದ ವರ್ಗಕ್ಕೇ ಸೇರಿಸಲಾಗುತ್ತದೆ. ಆದರೆ ಇವುಗಳ ಒಳರಚನೆ ಭಿನ್ನವಾದುದು. ಅನಿಲವು ಕೊಳವೆಯಿಂದ ಕ್ಯಾರಿಯರ್‌ನ ಒಳಗಿನ ಪೊಳ್ಳು ಭಾಗಕ್ಕೆ ಬಂದು ಸೇರುತ್ತದೆ. ಅಲ್ಲಿ ಕ್ಯಾರಿಯರ್ ಚಲಿಸುವ ಸಿಲಿಂಡರ್‌ನಂತೆಯೂ, ಉಂಗುರಗಳನ್ನು ತೊಡಿಸಿದ ಬೋಲ್ಟಿನ ಹಿಂಭಾಗ ಪಿಸ್ಟನ್‌ನಂತೆಯೂ ವರ್ತಿಸುತ್ತವೆ. ಅನಿಲ ಹಿಗ್ಗಿದಾಗ ಕ್ಯಾರಿಯರ್ ಹಿಂದಕ್ಕೆ ಸರಿದು ಬೋಲ್ಟನ್ನು ತಿರುಗಿಸಿ ಬೀಗ ಬಿಚ್ಚುತ್ತದೆ. ಉಳಿದ ಅನಿಲ ಕ್ಯಾರಿಯರ್‌ನ ಬದಿಯ ರಂಧ್ರಗಳಿಂದ ಹೊರಹೋಗುತ್ತದೆ. ಸ್ಟೋನರ್ ಅವರ ಅಮೆರಿಕನ್ ಪೇಟೆಂಟ್ ಕೂಡ ಇದನ್ನು ಸಾಂಪ್ರದಾಯಿಕ ಅನಿಲಾಘಾತದಿಂದ ಬೇರೆಯಾದುದೆಂದೇ ವಿವರಿಸುತ್ತದೆ. ಆದ್ದರಿಂದ ಕೆಲವರು ಇದನ್ನು ಆಂತರಿಕ ಪಿಸ್ಟನ್ ವ್ಯವಸ್ಥೆ ಎಂದು ಕರೆಯುತ್ತಾರೆ.

ಈ ರಚನೆಯಲ್ಲಿ ಬಲವು ನಳಿಗೆಯ ನೇರದಲ್ಲಿಯೇ ವರ್ತಿಸುತ್ತದೆ. ರೈಫಲ್‌ನ ಹಿಡಿಯನ್ನೂ ಅದೇ ನೇರದಲ್ಲಿ ಇರಿಸಿರುವುದರಿಂದ ಗುಂಡು ಹಾರಿದಾಗ ನಳಿಗೆಯ ಮೂತಿ ಮೇಲಕ್ಕೇಳುವುದು ಕಡಿಮೆ.

## ಹೋಲಿಕೆ

ಮಸಿ ಮತ್ತು ಬಿಸಿ: ಪಿಸ್ಟನ್ ರೈಫಲ್‌ನಲ್ಲಿ ಅನಿಲದ ಮಸಿ ಮತ್ತು ಬಿಸಿ ಬಹುಪಾಲು ಮುಂಭಾಗದಲ್ಲಿಯೇ ಉಳಿಯುತ್ತವೆ. ಸ್ಟೋನರ್ ವಿನ್ಯಾಸದಲ್ಲಿ ಇವು ಕ್ಯಾರಿಯರ್‌ನೊಳಗೇ ಬಂದು ಸೇರುತ್ತವೆ. ಇದರಿಂದ ಎಣ್ಣೆ ಬೇಗ ಒಣಗುತ್ತದೆ, ಬೋಲ್ಟಿನ ಶುಚೀಕರಣಕ್ಕೆ ಹೆಚ್ಚು ಗಮನ ಬೇಕಾಗುತ್ತದೆ. ಆದರೂ ಪಿಸ್ಟನ್ ರೈಫಲ್‌ಗೆ ಶುಚೀಕರಣ ಬೇಡವೆಂಬುದು ತಪ್ಪು ತಿಳಿವಳಿಕೆ. ಅಲ್ಲಿ ಪಿಸ್ಟನ್ ಮತ್ತು ಸಿಲಿಂಡರ್‌ಗಳನ್ನು ಉಜ್ಜಬೇಕಾಗುತ್ತದೆ.

ತೂಕ: ನೇರ ಅನಿಲಾಘಾತದ ರೈಫಲ್‌ನಲ್ಲಿ ಬಿಡಿಭಾಗಗಳು ಕಡಿಮೆಯಾದ್ದರಿಂದ ತೂಕವೂ ಕಡಿಮೆ. ಪಿಸ್ಟನ್ ರೈಫಲ್‌ಗಳಲ್ಲಿ ಹೆಚ್ಚುವರಿ ಭಾರ ಮುಂಭಾಗಕ್ಕೆ ಬೀಳುತ್ತದೆ.

ನಿಖರತೆ: ನಳಿಗೆಗೆ ಅಂಟಿಕೊಂಡ ಹಾಗೂ ಅದರ ಮೇಲೆ ಚಲಿಸುವ ಭಾರ ಕಡಿಮೆಯಾದಷ್ಟೂ ನಳಿಗೆಯ ಕಂಪನ ಒಂದೇ ಬಗೆಯಲ್ಲಿರುತ್ತದೆ. ಈ ದೃಷ್ಟಿಯಿಂದ ನೇರ ಅನಿಲಾಘಾತಕ್ಕೆ ಅನುಕೂಲವಿದೆ. ಆದರೆ ನಳಿಗೆಯ ಹಾಗೂ ತೋಟೆಯ ಗುಣಮಟ್ಟ ಇದಕ್ಕಿಂತ ಹೆಚ್ಚು ಪರಿಣಾಮ ಬೀರುತ್ತದೆ. ದೂರದ ಗುರಿಗಾಗಿಯೇ ತಯಾರಾದ ಸೋವಿಯತ್ ಡ್ರಾಗುನೋವ್ ರೈಫಲ್ ಪಿಸ್ಟನ್ ಬಗೆಯದೇ ಆಗಿದೆ.

ನಳಿಗೆಯ ಉದ್ದ: ಎಂ16 ರೈಫಲ್‌ನ ನಳಿಗೆ 20 ಅಂಗುಲ, ಅದರ ಗಿಡ್ಡ ರೂಪವಾದ ಎಂ4ರ ನಳಿಗೆ 14.5 ಅಂಗುಲ. ಎಂ4ರಲ್ಲಿ ಅನಿಲರಂಧ್ರ ಚೇಂಬರ್‌ಗೆ ಹತ್ತಿರವಿರುವುದರಿಂದ ಅನಿಲದ ಒತ್ತಡ ಹೆಚ್ಚಿ ಭಾಗಗಳು ಬೇಗ ಸವೆಯುತ್ತವೆ. ಸದ್ದು ಅಡಗಿಸುವ ಸಪ್ರೆಸರ್ ಜೋಡಿಸಿದಾಗಲೂ ಹಿಮ್ಮುಖ ಒತ್ತಡ ಏರುತ್ತದೆ. ಅನಿಲದ ಪ್ರಮಾಣವನ್ನು ಹೊಂದಿಸುವ ರೆಗ್ಯುಲೇಟರ್ ಹಲವು ಪಿಸ್ಟನ್ ರೈಫಲ್‌ಗಳಲ್ಲಿ ಇರುವುದು ಇಂತಹ ಸಂದರ್ಭಗಳಲ್ಲಿ ಉಪಯುಕ್ತ.

ಮಾರ್ಪಾಡಿನ ತೊಡಕು: ಸ್ಟೋನರ್ ವಿನ್ಯಾಸದ ರೈಫಲ್‌ಗೆ ನಂತರ ಪಿಸ್ಟನ್ ಅಳವಡಿಸಿದರೆ ಬಲವು ಕ್ಯಾರಿಯರ್‌ನ ಮೇಲ್ತುದಿಗೆ ಬೀಳುತ್ತದೆ. ಆಗ ಅದರ ಹಿಂಭಾಗ ಕೆಳಕ್ಕೆ ವಾಲಿ ಉಜ್ಜತೊಡಗುತ್ತದೆ. ಇದನ್ನು ತಡೆಯಲು ಕ್ಯಾರಿಯರ್‌ನ ಆಕಾರವನ್ನೇ ಬದಲಿಸಬೇಕಾಗುತ್ತದೆ.

## ವಿಯೆಟ್ನಾಂ ಯುದ್ಧ ಮತ್ತು ಎಂ16

ನೇರ ಅನಿಲಾಘಾತದ ಬಗೆಗಿನ ಅಪನಂಬಿಕೆಗೆ ಮುಖ್ಯ ಕಾರಣ ವಿಯೆಟ್ನಾಂ ಯುದ್ಧ. 1960ರ ದಶಕದ ಮಧ್ಯಭಾಗದಲ್ಲಿ ಅಲ್ಲಿಗೆ ಕಳುಹಿಸಿದ ಎಂ16 ರೈಫಲ್‌ಗಳು ಕಾಳಗದ ನಡುವೆಯೇ ಸ್ಥಗಿತಗೊಂಡವು. ಖಾಲಿ ತೋಟೆ ಚೇಂಬರ್‌ನಲ್ಲಿ ಸಿಕ್ಕಿಕೊಂಡಾಗ ಸೈನಿಕರು ನಳಿಗೆಯ ಮೂತಿಯಿಂದ ಸರಳು ತೂರಿಸಿ ಅದನ್ನು ಹೊರದಬ್ಬಬೇಕಾಗುತ್ತಿತ್ತು. ರೈಫಲ್ ಕೈಕೊಟ್ಟ ಕಾರಣ ಸೈನಿಕರು ಪ್ರಾಣ ಕಳೆದುಕೊಂಡರೆಂಬ ದೂರುಗಳು ಅಮೆರಿಕದ ಸಂಸತ್ತನ್ನು ತಲುಪಿದವು. 1967ರಲ್ಲಿ ರಿಚರ್ಡ್ ಐಕಾರ್ಡ್ ಅಧ್ಯಕ್ಷತೆಯ ಉಪಸಮಿತಿ ಇದರ ವಿಚಾರಣೆ ನಡೆಸಿತು.

ವಿಚಾರಣೆಯಲ್ಲಿ ಹಲವು ಕಾರಣಗಳು ಹೊರಬಂದವು. ರೈಫಲ್ ಅಭಿವೃದ್ಧಿಯಾಗುವಾಗ ಬಳಸಿದ ಮದ್ದಿನ ಬದಲು ಬೇರೆ ಬಗೆಯ ಮದ್ದನ್ನು ತೋಟೆಗಳಲ್ಲಿ ತುಂಬಲಾಗಿತ್ತು. ಅದು ಹೆಚ್ಚು ಮಸಿ ಬಿಡುವುದರ ಜೊತೆಗೆ ರೈಫಲ್‌ನ ವೇಗವನ್ನೂ ಮಿತಿಮೀರಿಸಿತು. ಚೇಂಬರ್‌ಗೆ ಕ್ರೋಮಿಯಂ ಲೇಪನ ಇರಲಿಲ್ಲವಾದ್ದರಿಂದ ತೇವದ ಹವೆಯಲ್ಲಿ ಅದು ತುಕ್ಕು ಹಿಡಿಯಿತು. ಶುಚೀಕರಣದ ಸಾಮಗ್ರಿಯನ್ನೂ ಸಾಕಷ್ಟು ತರಬೇತಿಯನ್ನೂ ಸೈನಿಕರಿಗೆ ಕೊಟ್ಟಿರಲಿಲ್ಲ. ನಂತರದ ಎಂ16ಎ1 ಮಾದರಿಯಲ್ಲಿ ಚೇಂಬರ್‌ಗೆ ಕ್ರೋಮಿಯಂ ಲೇಪಿಸಲಾಯಿತು, ಶುಚೀಕರಣದ ಸಾಮಗ್ರಿ ಒದಗಿಸಲಾಯಿತು. ಹೆಸರಾಂತ ಚಿತ್ರಕಥೆಗಾರ ವಿಲ್ ಐಸ್ನರ್ ಸೈನಿಕರಿಗಾಗಿ ಚಿತ್ರಕಥೆಯ ರೂಪದಲ್ಲಿ ನಿರ್ವಹಣಾ ಕೈಪಿಡಿಯನ್ನು ರಚಿಸಿದರು. ಅನಿಲವನ್ನು ಹಿಂದಕ್ಕೆ ಒಯ್ಯುವ ಕ್ರಮ ಹಾಗೆಯೇ ಉಳಿದಿದ್ದರೂ ದೂರುಗಳು ಬಹಳಷ್ಟು ಇಳಿದವು. ಹೀಗಾಗಿ ದೋಷವು ಅನಿಲವ್ಯವಸ್ಥೆಯೊಂದರಲ್ಲೇ ಇತ್ತೆನ್ನಲಾಗದು. ಆದರೆ ಮದ್ದಿನ ಗುಣ ಮತ್ತು ಶುಚಿತ್ವದಲ್ಲಿನ ಲೋಪವನ್ನು ಈ ವ್ಯವಸ್ಥೆ ಕಡಿಮೆ ಸಹಿಸುತ್ತದೆ ಎಂಬುದು ಸ್ಪಷ್ಟವಾಯಿತು.

## 2007ರ ಧೂಳು ಪರೀಕ್ಷೆ

ಅಮೆರಿಕದ ಸೇನೆ 2007ರಲ್ಲಿ ನಾಲ್ಕು ಮಾದರಿಗಳನ್ನು ತೀವ್ರ ಧೂಳಿನಲ್ಲಿ ಪರೀಕ್ಷಿಸಿತು. ಪ್ರತಿ ಮಾದರಿಯಿಂದಲೂ 60,000 ಗುಂಡುಗಳನ್ನು ಹಾರಿಸಲಾಯಿತು. ಪಿಸ್ಟನ್ ಬಗೆಯ ಎಕ್ಸ್‌ಎಂ8, ಸ್ಕಾರ್ ಮತ್ತು ಎಚ್‌ಕೆ416 ರೈಫಲ್‌ಗಳು ಕ್ರಮವಾಗಿ 127, 226 ಮತ್ತು 233 ಬಾರಿ ಸ್ಥಗಿತಗೊಂಡರೆ, ಸ್ಟೋನರ್ ವಿನ್ಯಾಸದ ಎಂ4 882 ಬಾರಿ ಸ್ಥಗಿತಗೊಂಡಿತು. ಶೇಕಡಾವಾರು ನೋಡಿದರೆ ಎಂ4ರ ಪ್ರಮಾಣ ಸುಮಾರು 1.5, ಎಚ್‌ಕೆ416ರದ್ದು ಸುಮಾರು 0.4. ಎಂ4ರ ಸ್ಥಗಿತಗಳಲ್ಲಿ ಕೆಲವು ಮ್ಯಾಗಜಿನ್ ದೋಷದಿಂದ ಆದವು. ಆದ್ದರಿಂದ ಈ ವ್ಯತ್ಯಾಸವನ್ನೆಲ್ಲ ಅನಿಲವ್ಯವಸ್ಥೆಯ ಲೆಕ್ಕಕ್ಕೇ ಸೇರಿಸಲಾಗದು.

## ಭಾರತದಲ್ಲಿ ಬಳಕೆ

ಭಾರತೀಯ ಸೇನೆಯ ಪ್ರಮುಖ ರೈಫಲ್‌ಗಳಲ್ಲಿ ಪಿಸ್ಟನ್ ವ್ಯವಸ್ಥೆಯೇ ಹೆಚ್ಚಾಗಿ ಕಂಡುಬರುತ್ತದೆ. ಎಸ್‌ಎಲ್‌ಆರ್ ಎಂದು ಪರಿಚಿತವಾದ 7.62 ಮಿಲಿಮೀಟರಿನ 1ಎ1 ರೈಫಲ್ ಎಫ್‌ಎನ್ ಎಫ್‌ಎಎಲ್ ಮಾದರಿಯನ್ನು ಆಧರಿಸಿದ್ದು, ಹ್ರಸ್ವಚಲನೆಯ ಪಿಸ್ಟನ್ ಹೊಂದಿತ್ತು. ಅದರ ಸ್ಥಾನಕ್ಕೆ ಬಂದ 5.56 ಮಿಲಿಮೀಟರಿನ ಇನ್ಸಾಸ್ ರೈಫಲ್ ದೀರ್ಘಚಲನೆಯ ಪಿಸ್ಟನ್ ಬಗೆಯದು. 2019ರಲ್ಲಿ 72,400 ರೈಫಲ್‌ಗಳಿಗಾಗಿ ಒಪ್ಪಂದವಾದ ಸಿಗ್ 716 ಹೊರನೋಟಕ್ಕೆ ಸ್ಟೋನರ್ ಪರಂಪರೆಗೆ ಸೇರಿದಂತೆ ಕಂಡರೂ, ಅದರಲ್ಲಿರುವುದು ಹ್ರಸ್ವಚಲನೆಯ ಪಿಸ್ಟನ್. ಉತ್ತರ ಪ್ರದೇಶದ ಅಮೇಥಿ ಜಿಲ್ಲೆಯ ಕೊರ್ವಾದಲ್ಲಿ ತಯಾರಾಗುವ ಎಕೆ-203 ರೈಫಲ್ ಕಲಾಶ್ನಿಕೋವ್ ಮಾದರಿಯ ದೀರ್ಘಚಲನೆಯ ಪಿಸ್ಟನ್ನನ್ನು ಮುಂದುವರಿಸಿದೆ.